ಮನೆಯಲ್ಲೇ ಕಾರಿನ ಕ್ಲಚ್ ಬದಲಿಸುವುದು: ಸ್ಪ್ಯಾನರ್ ಹಿಡಿಯುವ ಮೊದಲು ಮತ್ತು ಆಮೇಲೆ

ಕಾರಿನಲ್ಲಿ ಸವೆಯುವ ಭಾಗಗಳಲ್ಲಿ ಕ್ಲಚ್ಚಿನಷ್ಟು ಮರೆಯಲ್ಲಿ ಕುಳಿತಿರುವುದು ಬೇರೊಂದಿಲ್ಲ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಎಂದು ನೋಡಲು ಚಕ್ರ ಬಿಚ್ಚಿದರೆ ಸಾಕು. ಕ್ಲಚ್ ಪ್ಲೇಟನ್ನು ಕಣ್ಣಾರೆ ನೋಡಬೇಕೆಂದರೆ ಇಡೀ ಗೇರ್‌ಬಾಕ್ಸನ್ನು ಎಂಜಿನ್ನಿನಿಂದ ಬೇರ್ಪಡಿಸಿ ಕೆಳಗಿಳಿಸಬೇಕು. ಹಳೆಯ ಪ್ಲೇಟು ತೆಗೆದು ಹೊಸದನ್ನು ಕೂರಿಸುವುದಕ್ಕೆ ಬೇಕಾಗುವುದು ಸ್ವಲ್ಪವೇ ಸಮಯ. ಅಲ್ಲಿಯವರೆಗೆ ತಲುಪುವುದಕ್ಕೂ ಬಿಚ್ಚಿದ್ದನ್ನೆಲ್ಲ ಮರಳಿ ಜೋಡಿಸುವುದಕ್ಕೂ ಮನೆಯಲ್ಲಿ ಕೆಲಸ ಮಾಡುವವರಿಗೆ ಎರಡು ದಿನ ಹಿಡಿಯುತ್ತದೆ. ಯಾವ ಭಾಗ ಕೊಳ್ಳಬೇಕು, ಯಾವುದನ್ನು ಜೊತೆಯಲ್ಲೇ ಬದಲಿಸಬೇಕು, ಎಲ್ಲಿ ಉಳಿತಾಯ ಮಾಡಬಾರದು ಎಂಬ ಎಲ್ಲ ನಿರ್ಧಾರಗಳನ್ನೂ ಈ ಒಂದು ಸಂಗತಿಯನ್ನು ಮುಂದಿಟ್ಟುಕೊಂಡೇ ತೆಗೆದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗೇರ್‌ಬಾಕ್ಸನ್ನು ಎರಡನೆಯ ಸಲ ಇಳಿಸುವ ಸಂದರ್ಭ ಬರದಂತೆ ನೋಡಿಕೊಳ್ಳುವುದೇ ಈ ಕೆಲಸದ ಮುಕ್ಕಾಲು ಭಾಗ.

ಕ್ಲಚ್ ಮಾಡುವ ಕೆಲಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಫ್ಲೈವೀಲ್ ಇರುತ್ತದೆ. ಅದಕ್ಕೆ ಬೋಲ್ಟುಗಳಿಂದ ಬಿಗಿದ ಪ್ರೆಷರ್ ಪ್ಲೇಟ್ ಮತ್ತು ಫ್ಲೈವೀಲಿನ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಆ ಪ್ಲೇಟಿನ ನಡುವಿನ ಹಲ್ಲುಗಳು, ಅಂದರೆ ಸ್ಪ್ಲೈನುಗಳು, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೇಲೆ ಕುಳಿತಿರುತ್ತವೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗು ಪ್ರೆಷರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಸಡಿಲಗೊಂಡು ಎಂಜಿನ್ನಿಗೂ ಚಕ್ರಗಳಿಗೂ ನಡುವಿನ ಸಂಬಂಧ ಕಡಿಯುತ್ತದೆ. ಈ ಹಿಡಿತ ಎಷ್ಟು ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ತಡೆದುಕೊಳ್ಳಬಲ್ಲದು ಎಂಬುದನ್ನು ಸರಳವಾಗಿ ಲೆಕ್ಕ ಹಾಕಬಹುದು: ಘರ್ಷಣೆಯ ಮುಖಗಳ ಸಂಖ್ಯೆ, ಘರ್ಷಣಾಂಕ, ಸ್ಪ್ರಿಂಗು ಒತ್ತುವ ಬಲ ಮತ್ತು ಲೈನಿಂಗಿನ (ಪ್ಲೇಟಿನ ಎರಡೂ ಮುಖಗಳಲ್ಲಿರುವ ಘರ್ಷಣೆಯ ಪದರದ) ಸರಾಸರಿ ತ್ರಿಜ್ಯ, ಈ ನಾಲ್ಕನ್ನೂ ಗುಣಿಸಿದರೆ ಸಾಕು. ಲೈನಿಂಗಿನ ಹೊರವ್ಯಾಸ 200 ಮಿ.ಮೀ., ಒಳವ್ಯಾಸ 140 ಮಿ.ಮೀ. ಎಂದಾದರೆ ಸರಾಸರಿ ತ್ರಿಜ್ಯ 85 ಮಿ.ಮೀ. ಆಗುತ್ತದೆ. ಒತ್ತುವ ಬಲ 4000 ನ್ಯೂಟನ್, ಘರ್ಷಣಾಂಕ 0.3 ಎಂದು ಇಟ್ಟುಕೊಂಡರೆ, ಎರಡು ಮುಖಗಳಿಗೆ ಸೇರಿ ಸುಮಾರು 204 ನ್ಯೂಟನ್ ಮೀಟರ್ ಬರುತ್ತದೆ. 140 ನ್ಯೂಟನ್ ಮೀಟರ್ ಟಾರ್ಕಿನ ಸಣ್ಣ ಎಂಜಿನ್ನಿಗೆ ಇದು ಸಾಕಷ್ಟಾಯಿತು. ಆದರೆ ಅದೇ ಲೈನಿಂಗಿನ ಮೇಲೆ ಎಣ್ಣೆ ಬಿದ್ದು ಘರ್ಷಣಾಂಕ ಅರ್ಧಕ್ಕಿಳಿದರೆ ಉಳಿಯುವುದು 102 ಮಾತ್ರ. ಆಗ ಪ್ಲೇಟು ಹೊಚ್ಚ ಹೊಸದಾಗಿದ್ದರೂ ಏರಿನಲ್ಲಿ ಜಾರದೆ ಇರದು. ಎಣ್ಣೆಯ ಸೀಲುಗಳ ಬಗ್ಗೆ ಮುಂದೆ ನಾನು ಇಷ್ಟೊಂದು ಒತ್ತಿ ಹೇಳುವುದಕ್ಕೆ ಈ ಲೆಕ್ಕವೇ ಕಾರಣ.

ಕ್ಲಚ್ ಹೋಗಿದೆ ಎಂದು ತೀರ್ಮಾನಿಸುವ ಮುನ್ನ ಅದು ನಿಜವಾಗಿಯೂ ಹೋಗಿದೆಯೇ ಎಂದು ಪರೀಕ್ಷಿಸುವುದು ಅಗತ್ಯ. ಜಾರುವ ಕ್ಲಚ್ಚಿನ ಲಕ್ಷಣ ಸ್ಪಷ್ಟವಾಗಿರುತ್ತದೆ: ಮೇಲಿನ ಗೇರಿನಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ನಿನ ಆರ್‌ಪಿಎಂ ಮೇಲೇರುತ್ತದೆ, ಕಾರಿನ ವೇಗ ಮಾತ್ರ ಅದರ ಜೊತೆ ಏರುವುದಿಲ್ಲ. ಇದನ್ನು ಖಾಲಿ ರಸ್ತೆಯಲ್ಲಿ, ಒಂದೆರಡು ಸಲ ಮಾತ್ರ ಮಾಡಿ ನೋಡಬೇಕು. ಪದೇ ಪದೇ ಮಾಡಿದರೆ ಉಳಿದಿರುವ ಲೈನಿಂಗೂ ಸುಟ್ಟುಹೋಗುತ್ತದೆ. ಕೇಬಲ್ಲಿನಿಂದ ನಡೆಯುವ ಕ್ಲಚ್ಚಿನಲ್ಲಿ, ತಾನಾಗಿ ಸರಿಹೊಂದುವ ವ್ಯವಸ್ಥೆ ಇಲ್ಲದಿದ್ದರೆ, ಪ್ಲೇಟು ಸವೆದಂತೆ ಪೆಡಲಿನ ಆಟ, ಅಂದರೆ ಕ್ಲಚ್ಚಿನ ಮೇಲೆ ಒತ್ತಡ ಬೀಳುವ ಮೊದಲು ಪೆಡಲು ಸಡಿಲವಾಗಿ ಚಲಿಸುವ ಅಂತರ, ಕಡಿಮೆಯಾಗುತ್ತಾ ಹೋಗಿ ಕೊನೆಗೆ ಪೂರ್ತಿ ಇಲ್ಲವಾಗುತ್ತದೆ. ಆಗ ಕಾಲು ಪೆಡಲಿನ ಮೇಲಿಲ್ಲದಿದ್ದರೂ ಬೇರಿಂಗು ಸ್ಪ್ರಿಂಗನ್ನು ಒತ್ತುತ್ತಲೇ ಇರುವುದರಿಂದ ಕ್ಲಚ್ ಜಾರತೊಡಗುತ್ತದೆ. ಲೈನಿಂಗ್ ಇನ್ನೂ ಉಳಿದಿರುವ ಹಂತದಲ್ಲಿ ಕೇಬಲ್ಲಿನ ನಟ್ಟನ್ನು ಸ್ವಲ್ಪ ತಿರುಗಿಸಿ ಆಟ ಸರಿಪಡಿಸಿದರೆ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಗೇರ್ ಬೀಳುವಾಗ, ಅದರಲ್ಲೂ ರಿವರ್ಸ್ ಬೀಳುವಾಗ, ಕರಕರ ಸದ್ದು ಬಂದರೆ ಅದು ಇದಕ್ಕೆ ವಿರುದ್ಧವಾದ ತೊಂದರೆ. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ಅರ್ಥ. ಹೈಡ್ರಾಲಿಕ್ ವ್ಯವಸ್ಥೆಯ ಕಾರಿನಲ್ಲಿ ಇದಕ್ಕೆ ಹಲವು ಸಲ ಕಾರಣವಾಗುವುದು ಪೆಡಲ್ ತುಳಿದಾಗ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಅಥವಾ ಆ ಒತ್ತಡದಿಂದ ರಿಲೀಸ್ ಬೇರಿಂಗನ್ನು ತಳ್ಳುವ ಸ್ಲೇವ್ ಸಿಲಿಂಡರಿನ ಸೋರಿಕೆ, ಇಲ್ಲವೇ ಕೊಳವೆಯೊಳಗೆ ಸೇರಿಕೊಂಡ ಗಾಳಿ. ಪೆಡಲನ್ನು ಕೆಲವು ಸಲ ತುಳಿದು ಬಿಟ್ಟ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಅನುಮಾನ ಮೊದಲು ಹೈಡ್ರಾಲಿಕ್ಕಿನ ಮೇಲೆ ಹೋಗಬೇಕು. ಸದ್ದಿನಿಂದಲೂ ಸಾಕಷ್ಟು ತಿಳಿಯುತ್ತದೆ. ಎಂಜಿನ್ ಐಡಲಿನಲ್ಲಿ, ಗೇರ್ ನ್ಯೂಟ್ರಲಿನಲ್ಲಿ ಇರುವಾಗ ಪೆಡಲ್ ತುಳಿದೊಡನೆ ಸದ್ದು ಶುರುವಾದರೆ ಅದು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನದು. ತುಳಿದೊಡನೆ ಸದ್ದು ನಿಂತುಹೋದರೆ ದೋಷ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಹೊಸ ಕ್ಲಚ್ ಸರಿಪಡಿಸಲಾರದು. ಪೆಡಲ್ ದಿನೇದಿನೇ ಬಿಗಿಯಾಗುತ್ತಾ ಬರುವುದೂ ಒಂದು ಸೂಚನೆ. ಸಾಮಾನ್ಯ ಡಯಾಫ್ರಾಮ್ ಸ್ಪ್ರಿಂಗಿನ ಕ್ಲಚ್ಚಿನಲ್ಲಿ ಲೈನಿಂಗ್ ತೆಳುವಾದಂತೆಲ್ಲ ಬೆರಳುಗಳ ಕೋನ ಬದಲಾಗಿ, ಅವನ್ನು ಒತ್ತಲು ಹೆಚ್ಚು ಬಲ ಬೇಕಾಗುತ್ತದೆ.

ಇನ್ನು ಆಯ್ಕೆಯ ವಿಷಯ. ಪ್ಲೇಟನ್ನು ಮಾತ್ರ ಕೊಂಡು ಹಳೆಯ ಪ್ರೆಷರ್ ಪ್ಲೇಟು, ಹಳೆಯ ಬೇರಿಂಗುಗಳನ್ನೇ ಮುಂದುವರಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮೂರೂ ಭಾಗಗಳು ಒಟ್ಟಿಗೆ ದುಡಿದು ಒಟ್ಟಿಗೆ ದಣಿದಿರುತ್ತವೆ; ಇವುಗಳಲ್ಲಿ ಯಾವುದು ಮುಂದೆ ಕೈಕೊಟ್ಟರೂ ಅದೇ ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕು. ಮೂರೂ ಸೇರಿದ ಸೆಟ್ಟನ್ನೇ ಕೊಳ್ಳಬೇಕು. ಸ್ಯಾಕ್ಸ್, ಲೂಕ್, ವ್ಯಾಲಿಯೋ, ಎಕ್ಸೆಡಿ, ಐಸಿನ್ ಮುಂತಾದ ತಯಾರಕರು ಕಾರು ಕಂಪನಿಗಳಿಗೇ ಕ್ಲಚ್ ಒದಗಿಸುವವರು. ನಿಮ್ಮ ಕಾರಿಗೆ ಕಾರ್ಖಾನೆಯಲ್ಲಿ ಯಾರ ಕ್ಲಚ್ ಕೂರಿಸಲಾಗಿತ್ತೋ ಅದೇ ತಯಾರಕರ ಸೆಟ್ಟು ದೊರೆತರೆ ಹೆಚ್ಚು ಯೋಚಿಸಬೇಕಾಗಿಲ್ಲ. ನಕಲಿ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿರುವುದರಿಂದ ಭರವಸೆಯ ಮಾರಾಟಗಾರರಲ್ಲೇ ಕೊಳ್ಳುವುದು ಲೇಸು.

ಕಾರಿನ ಹೆಸರು ಮತ್ತು ವರ್ಷವನ್ನಷ್ಟೇ ಹೇಳಿ ಕ್ಲಚ್ ಕೊಳ್ಳಬಾರದು. ಒಂದೇ ಮಾದರಿಯ ಕಾರಿನಲ್ಲಿ ಎಂಜಿನ್ ಬೇರೆಯಾದರೆ, ಕೆಲವೊಮ್ಮೆ ಉತ್ಪಾದನೆಯ ನಡುವೆಯೇ, ಪ್ಲೇಟಿನ ವ್ಯಾಸವೂ ಸ್ಪ್ಲೈನುಗಳ ಸಂಖ್ಯೆಯೂ ಬದಲಾಗಿರುತ್ತವೆ. ಚಾಸಿ ಸಂಖ್ಯೆ ಮತ್ತು ಎಂಜಿನ್ ಕೋಡನ್ನು ಕೊಟ್ಟು ಬಿಡಿಭಾಗದ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಬೇಕು. ಹೆಚ್ಚು ಹಿಡಿತ ಸಿಗುತ್ತದೆ ಎಂಬ ಆಸೆಯಿಂದ ರೇಸಿಂಗ್ ಕ್ಲಚ್ ಹಾಕಿಸುವವರೂ ಇದ್ದಾರೆ. ಸಿರಾಮಿಕ್ ಅಥವಾ ಸಿಂಟರ್ ಮಾಡಿದ (ಪುಡಿಯನ್ನು ಒತ್ತಿ ಕಾಯಿಸಿ ಗಟ್ಟಿಮಾಡಿದ) ಲೋಹದ ಲೈನಿಂಗು ಹೆಚ್ಚಿನ ಶಾಖವನ್ನು ತಾಳಬಲ್ಲದು, ಅದರ ಘರ್ಷಣಾಂಕವೂ ಹೆಚ್ಚು; ಆದರೆ ಅದು ನಯವಾಗಿ ಹಿಡಿಯುವುದಿಲ್ಲ, ದಟ್ಟಣೆಯಲ್ಲಿ ಕಾರು ಪ್ರತಿ ಸಲವೂ ಜಿಗಿದಂತೆ ಹೊರಡುತ್ತದೆ. ಹಿಡಿತವನ್ನು ಹೆಚ್ಚಿಸಲು ಸ್ಪ್ರಿಂಗಿನ ಬಲ ಹೆಚ್ಚಿಸಿದ್ದರೆ ಪೆಡಲ್ ಭಾರವಾಗುತ್ತದೆ. ಎಂಜಿನ್ನಿನ ಶಕ್ತಿಯನ್ನೇ ಹೆಚ್ಚಿಸಿಲ್ಲದ ದಿನಬಳಕೆಯ ಕಾರಿಗೆ ಕಾರ್ಖಾನೆಯ ಅಳತೆಯ ಆರ್ಗ್ಯಾನಿಕ್ ಲೈನಿಂಗಿಗಿಂತ ಉತ್ತಮವಾದುದು ಇಲ್ಲವೆಂದೇ ನನ್ನ ನಂಬಿಕೆ.

ಫ್ಲೈವೀಲು ಯಾವ ಬಗೆಯದು ಎಂಬುದನ್ನೂ ಮೊದಲೇ ತಿಳಿದಿರಬೇಕು. 1985ರಿಂದ ಕಾರುಗಳಲ್ಲಿ ಬಳಕೆಗೆ ಬಂದ ಡ್ಯುಯಲ್ ಮಾಸ್ ಫ್ಲೈವೀಲು ಇಂದು ಬಹಳಷ್ಟು ಡೀಸೆಲ್ ಕಾರುಗಳಲ್ಲಿದೆ. ಅದು ಎರಡು ಭಾಗಗಳಾಗಿದ್ದು, ನಡುವಿನ ಉದ್ದನೆಯ ಸ್ಪ್ರಿಂಗುಗಳು ಎಂಜಿನ್ನಿನ ಅದುರುವಿಕೆಯನ್ನು ಗೇರ್‌ಬಾಕ್ಸಿಗೆ ತಲುಪದಂತೆ ಹೀರಿಕೊಳ್ಳುತ್ತವೆ. ಗಟ್ಟಿ ಫ್ಲೈವೀಲಿನ ಮುಖವನ್ನು ಯಂತ್ರದಲ್ಲಿ ಹದವಾಗಿ ಕೊರೆದು ಸಮ ಮಾಡಿಸಬಹುದು, ಆದರೆ ಡ್ಯುಯಲ್ ಮಾಸ್ ಫ್ಲೈವೀಲಿನೊಳಗಿನ ಸ್ಪ್ರಿಂಗುಗಳು ಸವೆದಿದ್ದರೆ ಅದನ್ನು ಬದಲಿಸುವುದೊಂದೇ ದಾರಿ. ಅದು ದುಬಾರಿಯಾದ್ದರಿಂದ ಕೆಲವರು ಗಟ್ಟಿ ಫ್ಲೈವೀಲಿಗೆ ಪರಿವರ್ತಿಸುತ್ತಾರೆ. ಅದುರುವಿಕೆಯನ್ನು ಹೀರುವ ಭಾಗವನ್ನೇ ತೆಗೆದುಹಾಕಿದಾಗ ಅದು ಗೇರ್‌ಬಾಕ್ಸಿನತ್ತ ಹೋಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಆ ನಿರ್ಧಾರ ಮಾಡಬೇಕು. ನನ್ನ ಕಾರಿಗೆ ನಾನು ಅದನ್ನು ಮಾಡಲಾರೆ. ಸವೆತಕ್ಕೆ ತಾನಾಗಿಯೇ ಹೊಂದಿಕೊಳ್ಳುವ ಬಗೆಯ ಪ್ರೆಷರ್ ಪ್ಲೇಟು ನಿಮ್ಮ ಕಾರಿನಲ್ಲಿದ್ದರೆ ಅದನ್ನು ಕೂರಿಸಲು ವಿಶೇಷ ಉಪಕರಣ ಬೇಕಾಗುತ್ತದೆ. ಅದಿಲ್ಲದೆ ಸಾಮಾನ್ಯ ಪ್ಲೇಟಿನಂತೆ ಬೋಲ್ಟು ಬಿಗಿದರೆ ಒಳಗಿನ ಹೊಂದಾಣಿಕೆಯ ಉಂಗುರ ತನ್ನ ಸ್ಥಾನ ಬಿಟ್ಟು ಜರುಗಬಹುದು.

ಸೆಟ್ಟಿನ ಜೊತೆಗೆ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲು, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸೀಲು, ಡ್ರೈವ್ ಶಾಫ್ಟುಗಳ ಸೀಲು, ಇದ್ದರೆ ಪೈಲಟ್ ಬೇರಿಂಗು (ಇನ್‌ಪುಟ್ ಶಾಫ್ಟಿನ ತುದಿಗೆ ಆಧಾರ ಕೊಡುವುದು), ಗೇರ್ ಆಯಿಲು ಇವನ್ನೂ ತಂದಿಟ್ಟುಕೊಳ್ಳಬೇಕು. ಬೆಲ್ ಹೌಸಿಂಗಿನ (ಕ್ಲಚ್ಚನ್ನು ಆವರಿಸುವ ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದ) ಒಳಗೇ, ಇನ್‌ಪುಟ್ ಶಾಫ್ಟಿನ ಸುತ್ತ ಕುಳಿತಿರುವ ಕಾನ್ಸೆಂಟ್ರಿಕ್ ಸ್ಲೇವ್ ಸಿಲಿಂಡರ್ ಇರುವ ಕಾರಾದರೆ ಅದು ಚೆನ್ನಾಗಿಯೇ ಇದೆ ಎನಿಸಿದರೂ ಹೊಸದನ್ನು ಹಾಕುವುದೇ ಸರಿ. ಅದು ಸೋರಿದರೆ ಬ್ರೇಕ್ ಫ್ಲೂಯಿಡ್ ನೇರವಾಗಿ ಹೊಸ ಕ್ಲಚ್ಚಿನ ಮೇಲೆಯೇ ಬೀಳುತ್ತದೆ.

ಎಲ್ಲ ಕಾರಿನ ಕ್ಲಚ್ಚೂ ಮನೆಯಲ್ಲಿ ಬದಲಿಸುವಂಥದ್ದಲ್ಲ. ಮುಂದಿನ ಚಕ್ರಗಳಿಂದ ಚಲಿಸುವ ಸಣ್ಣ ಕಾರು, ಅಥವಾ ಎಂಜಿನ್ ಉದ್ದಕ್ಕಿದ್ದು ಹಿಂದಿನ ಚಕ್ರಗಳಿಂದ ಚಲಿಸುವ ಸರಳ ಕಾರಾದರೆ ಕೈ ಹಾಕಬಹುದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರು, ಎಂಜಿನ್ನಿನ ಕೆಳಗಿನ ಚೌಕಟ್ಟನ್ನು (ಸಬ್‌ಫ್ರೇಮ್) ಪೂರ್ತಿ ಇಳಿಸಲೇಬೇಕಾದ ಕಾರು, ಎರಡು ಕ್ಲಚ್ಚುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಾರು, ಇವನ್ನು ಸೌಕರ್ಯವಿರುವ ಗ್ಯಾರೇಜಿಗೆ ಬಿಡುವುದು ವಿವೇಕ. ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿ ಕೈಯಲ್ಲಿಲ್ಲದೆ ಆರಂಭಿಸಲೇಬಾರದು. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕು, ಯಾವುದನ್ನು ಮರುಬಳಸಬಾರದು ಎಂಬುದನ್ನು ಅಂದಾಜಿನಿಂದ ಹೇಳಲಾಗದು.

ಸುರಕ್ಷತೆಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ, ಆದರೆ ಅದರಲ್ಲಿ ರಿಯಾಯಿತಿ ಇಲ್ಲ. ಜ್ಯಾಕ್ ಇರುವುದು ಕಾರನ್ನು ಎತ್ತುವುದಕ್ಕೆ, ಎತ್ತಿದ್ದನ್ನು ಹೊತ್ತು ನಿಲ್ಲುವುದಕ್ಕಲ್ಲ. ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ, ತೂಕಕ್ಕೆ ತಕ್ಕ ಸ್ಟ್ಯಾಂಡುಗಳನ್ನು ಕೈಪಿಡಿ ಸೂಚಿಸಿದ ಜಾಗಗಳಿಗೆ ಕೊಟ್ಟು, ಕಾರನ್ನು ಗಟ್ಟಿಯಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗಬೇಕು. ಸಣ್ಣ ಕಾರಿನ ಗೇರ್‌ಬಾಕ್ಸೂ 30 ಕೆ.ಜಿ. ದಾಟಬಹುದು, ಅದನ್ನು ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಯಾರೂ ಮಾಡಬಾರದು. ಗೇರ್‌ಬಾಕ್ಸ್ ಜ್ಯಾಕು ಮತ್ತು ಇನ್ನೊಬ್ಬರ ನೆರವು ಎರಡೂ ಬೇಕು.

ಬಿಚ್ಚುವ ಕ್ರಮ ಕಾರಿನಿಂದ ಕಾರಿಗೆ ಬದಲಾಗುತ್ತದೆ. ಮುಂದಿನ ಚಕ್ರ ಚಾಲನೆಯ ಕಾರಿನಲ್ಲಿ ಸ್ಥೂಲವಾಗಿ ಹೇಳುವುದಾದರೆ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಚಕ್ರಗಳು ನೆಲದ ಮೇಲಿರುವಾಗಲೇ ಹಬ್ಬಿನ (ಚಕ್ರದ ನಟ್ಟನಡುವಿನ) ನಟ್ಟುಗಳನ್ನು ಸಡಿಲಿಸಿ, ಆಮೇಲೆ ಕಾರನ್ನೆತ್ತಿ ಗೇರ್ ಆಯಿಲನ್ನು ಇಳಿಸಬೇಕು. ಕೆಳಗಿನ ಬಾಲ್ ಜಾಯಿಂಟುಗಳನ್ನು ಬಿಡಿಸಿದರೆ ಡ್ರೈವ್ ಶಾಫ್ಟುಗಳು ಹೊರಬರುತ್ತವೆ. ಗೇರಿನ ಕೇಬಲ್ಲುಗಳು, ವೈರುಗಳು, ಸ್ಟಾರ್ಟರ್ ಮೋಟಾರು, ಕ್ಲಚ್ಚಿನ ಕೇಬಲ್ಲು ಅಥವಾ ಹೈಡ್ರಾಲಿಕ್ ಕೊಳವೆ ಇವನ್ನು ಕಳಚಿದ ಮೇಲೆ ಎಂಜಿನ್ನಿಗೆ ಮೇಲಿನಿಂದ ಅಡ್ಡಪಟ್ಟಿಯ ಆಧಾರ ಕೊಟ್ಟು ಗೇರ್‌ಬಾಕ್ಸಿನ ಮೌಂಟನ್ನು ಬಿಚ್ಚಬಹುದು. ಬೆಲ್ ಹೌಸಿಂಗಿನ ಬೋಲ್ಟುಗಳ ಉದ್ದ ಬೇರೆಬೇರೆಯಾಗಿರುವುದರಿಂದ ಒಂದು ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು, ಪ್ರತಿಯೊಂದನ್ನೂ ಅದರ ಜಾಗದಲ್ಲೇ ಚುಚ್ಚಿಡುವುದು ಒಳ್ಳೆಯ ಅಭ್ಯಾಸ. ಗೇರ್‌ಬಾಕ್ಸನ್ನು ಎಳೆಯುವಾಗ ಇನ್‌ಪುಟ್ ಶಾಫ್ಟು ಪ್ಲೇಟಿನಿಂದ ಪೂರ್ತಿ ಹೊರಬರುವವರೆಗೂ ಅದರ ಭಾರ ಶಾಫ್ಟಿನ ಮೇಲೆ ಬೀಳಬಾರದು.

ಈಗ ಹಳೆಯ ಕ್ಲಚ್ ಕಣ್ಣ ಮುಂದಿದೆ. ಇಲ್ಲಿ ಅವಸರ ಮಾಡಬಾರದೆಂದು ಕಳಕಳಿಯಿಂದ ಹೇಳುತ್ತೇನೆ. ಕಳಚಿದ ಭಾಗ ಒಂದು ವೈದ್ಯಕೀಯ ವರದಿಯಂತೆ. ರೋಗದ ಕಾರಣ ಅದರಲ್ಲಿ ಬರೆದಿರುತ್ತದೆ. ಆದರೆ ಮೊದಲು ಧೂಳಿನ ಬಗ್ಗೆ ಒಂದು ಮಾತು. ಹಿಂದಿನ ಕಾಲದ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಐರೋಪ್ಯ ಒಕ್ಕೂಟ 2005ರಿಂದ ಅದರ ಬಳಕೆಯನ್ನು ನಿಷೇಧಿಸಿದೆ, ಆದರೆ ಜಗತ್ತಿನ ಎಲ್ಲೆಡೆ ನಿಷೇಧವಿಲ್ಲ, ಹಳೆಯ ಕಾರಿನಲ್ಲಿ ಯಾವ ಲೈನಿಂಗ್ ಇದೆಯೆಂದು ಕಣ್ಣಿನಿಂದ ಗುರುತಿಸುವುದಂತೂ ಆಗದು. ಕಲ್ನಾರಿನ ನಾರು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಹಾಗಾಗಿ ಬೆಲ್ ಹೌಸಿಂಗಿನ ಧೂಳನ್ನು ಗಾಳಿಯ ಪೈಪಿನಿಂದ ಊದಬಾರದು, ಒಣ ಬ್ರಷ್ಷಿನಿಂದಲೂ ಗುಡಿಸಬಾರದು. ಸೂಕ್ತ ಮಾಸ್ಕ್ ಧರಿಸಿ, ಬ್ರೇಕ್ ಕ್ಲೀನರಿನಿಂದ ತೋಯಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು.

ಲೈನಿಂಗು ಎರಡೂ ಬದಿಯಲ್ಲಿ ಸಮವಾಗಿ ಸವೆದು ರಿವೆಟ್ಟುಗಳ ಮಟ್ಟಕ್ಕೆ ಬಂದಿದ್ದರೆ ಅದು ಆಯುಸ್ಸು ಮುಗಿಸಿದ ಪ್ಲೇಟು, ಚಿಂತೆಯಿಲ್ಲ. ಲೈನಿಂಗು ಇನ್ನೂ ದಪ್ಪವಾಗಿದ್ದು ಕಪ್ಪಗೆ ಹೊಳೆಯುತ್ತಿದ್ದರೆ ಎಣ್ಣೆಯನ್ನು ಹುಡುಕಬೇಕು. ಫ್ಲೈವೀಲಿನ ನಡುವಿನಿಂದ ಹೊರಮುಖವಾಗಿ ಎಣ್ಣೆಯ ಗೆರೆಗಳು ಹರಡಿದ್ದರೆ ಕ್ರ್ಯಾಂಕ್‌ಶಾಫ್ಟಿನ ಸೀಲು ಸೋರಿದೆ. ಗೇರ್‌ಬಾಕ್ಸಿನ ಕಡೆ ಶಾಫ್ಟಿನ ಸುತ್ತ ಒದ್ದೆಯಾಗಿದ್ದು, ಗೇರ್ ಆಯಿಲಿನ ಆ ಗಂಧಕದ ಘಾಟು ಬಂದರೆ ಇನ್‌ಪುಟ್ ಶಾಫ್ಟಿನ ಸೀಲು. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅಲ್ಲಿ ವಿಪರೀತ ಶಾಖವಾಗಿದೆ. ಹಾಫ್ ಕ್ಲಚ್ಚಿನಲ್ಲೇ ಏರಿನಲ್ಲಿ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸದಿಂದ ಇದು ಆಗುತ್ತದೆ. ಕಲೆಗಳ ಜೊತೆ ಸೂಕ್ಷ್ಮ ಬಿರುಕುಗಳಿದ್ದರೆ ಫ್ಲೈವೀಲನ್ನು ಯಂತ್ರದ ಅಂಗಡಿಗೆ ತೋರಿಸಲೇಬೇಕು. ಬಿರುಕು ಆಳವಾಗಿದ್ದರೆ ಅಥವಾ ಕೊರೆದ ಮೇಲೆ ಅದರ ದಪ್ಪ ಕೈಪಿಡಿಯ ಮಿತಿಗಿಂತ ಕಡಿಮೆಯಾಗುವುದಾದರೆ ಹೊಸದನ್ನು ಹಾಕಬೇಕು. ಡಯಾಫ್ರಾಮ್ ಬೆರಳುಗಳ ತುದಿಯಲ್ಲಿ ಒಂದು ಕಡೆ ಮಾತ್ರ ಆಳವಾದ ಸವೆತವಿದ್ದರೆ ರಿಲೀಸ್ ಫೋರ್ಕು ಅಥವಾ ಬೇರಿಂಗು ಜಾರುವ ಕೊಳವೆ ಸವೆದು ಓರೆಯಾಗಿದೆ ಎಂದು ತಿಳಿಯಬೇಕು. ಈ ಕಾರಣವನ್ನು ಸರಿಪಡಿಸದೆ ಹೊಸ ಸೆಟ್ಟು ಹಾಕಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಸೀಲು ಬದಲಿಸಲು ಫ್ಲೈವೀಲನ್ನು ತೆಗೆದರೆ, ಅದರ ಬೋಲ್ಟುಗಳು ಅನೇಕ ಕಾರುಗಳಲ್ಲಿ ಒಮ್ಮೆ ಮಾತ್ರ ಬಳಸುವಂಥವು ಎಂಬುದನ್ನು ಗಮನಿಸಬೇಕು. ಹೊಸ ಸೀಲಿನ ತುಟಿಗೆ ಎಣ್ಣೆ ಸವರಬೇಕೇ ಬೇಡವೇ ಎಂಬುದೂ ಸೀಲಿನ ಬಗೆಯನ್ನು ಅವಲಂಬಿಸಿದೆ. ಪಿಟಿಎಫ್‌ಇ (ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ಸೀಲುಗಳನ್ನು ಸಾಮಾನ್ಯವಾಗಿ ಒಣದಾಗಿಯೇ ಕೂರಿಸುತ್ತಾರೆ.

ಜೋಡಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೈಗಳ ಶುಚಿ. ಹೊಸ ಪ್ರೆಷರ್ ಪ್ಲೇಟಿನ ಮುಖದ ಮೇಲೆ ತುಕ್ಕು ಹಿಡಿಯದಿರಲೆಂದು ಬಳಿದ ಎಣ್ಣೆಯನ್ನೂ ಫ್ಲೈವೀಲಿನ ಮುಖವನ್ನೂ ಬ್ರೇಕ್ ಕ್ಲೀನರಿನಿಂದ ಒರೆಸಬೇಕು. ಹೊಸ ಪ್ಲೇಟನ್ನು ಮೊದಲು ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಜಾರಿಸಿ ನೋಡಬೇಕು; ತಡೆಯಿಲ್ಲದೆ ಹಿಂದೆ ಮುಂದೆ ಸರಿದರೆ ಬಿಡಿಭಾಗ ಸರಿಯಾದದ್ದೇ ಬಂದಿದೆ ಎಂದು ಖಾತ್ರಿಯಾಯಿತು. ತಯಾರಕರು ಗ್ರೀಸ್ ಹಚ್ಚಲು ಹೇಳಿದ್ದರೆ ಸ್ಪ್ಲೈನುಗಳಿಗೆ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಬೇಕು, ಏಕೆಂದರೆ ಉಳಿದ ಗ್ರೀಸ್ ತಿರುಗುವ ರಭಸಕ್ಕೆ ಲೈನಿಂಗಿನ ಮೇಲೆಯೇ ಚಿಮ್ಮುತ್ತದೆ. ಪ್ಲೇಟಿನ ನಡುಭಾಗ, ಅಂದರೆ ಹಬ್ಬು, ನಿಕ್ಕಲ್ ಲೇಪನದ್ದಾಗಿದ್ದರೆ ಅದಕ್ಕೆ ಗ್ರೀಸ್ ಬೇಡವೆಂದೇ ಹೇಳಲಾಗುತ್ತದೆ. ಪ್ಲೇಟಿನ ಯಾವ ಬದಿ ಫ್ಲೈವೀಲಿನತ್ತ ಇರಬೇಕೆಂದು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ತಿರುವುಮುರುವಾಗಿ ಕೂರಿಸಿದರೆ ಕ್ಲಚ್ ಬಿಡುವುದೇ ಇಲ್ಲ, ಅದು ಗೊತ್ತಾಗುವುದು ಕಾರು ಪೂರ್ತಿ ಜೋಡಿಸಿದ ಮೇಲೆ.

ಪ್ಲೇಟನ್ನು ನಟ್ಟನಡುವೆ ನಿಲ್ಲಿಸಲು ಅಲೈನ್‌ಮೆಂಟ್ ಟೂಲ್ ಬಳಸಬೇಕು. ಅದನ್ನು ಹಾಕಿಟ್ಟು ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದಕ್ಕೂ ಒಂದು ಸುತ್ತಿಗಿಂತ ಹೆಚ್ಚಿಲ್ಲದಂತೆ ಬಿಗಿಯುತ್ತಾ ಬಂದು, ಕೊನೆಯಲ್ಲಿ ಟಾರ್ಕ್ ವ್ರೆಂಚಿನಿಂದ ಕೈಪಿಡಿ ಹೇಳಿದ ಅಳತೆಗೆ ತರಬೇಕು. ಒಂದೇ ಕಡೆ ಬಿಗಿದರೆ ಕವರ್ ಡೊಂಕಾಗಿ, ಮುಂದೆ ಕಾರು ಹೊರಡುವಾಗಲೆಲ್ಲ ನಡುಗುತ್ತದೆ. ಬಿಚ್ಚುವಾಗಲೂ ಇದೇ ಕ್ರಮ. ಎಲ್ಲ ಬಿಗಿದ ಮೇಲೆ ಟೂಲು ಸಲೀಸಾಗಿ ಹೊರಬಂದರೆ ಪ್ಲೇಟು ಸರಿಯಾದ ಜಾಗದಲ್ಲಿದೆ. ಆ ಗಳಿಗೆಯಲ್ಲಿ ಸಿಗುವ ಸಮಾಧಾನ ಈ ಇಡೀ ಕೆಲಸದಲ್ಲೇ ನನಗೆ ಅತ್ಯಂತ ಪ್ರಿಯವಾದದ್ದು.

ಗೇರ್‌ಬಾಕ್ಸನ್ನು ಮರಳಿ ಸೇರಿಸುವುದೇ ತಾಳ್ಮೆಯನ್ನು ಪರೀಕ್ಷಿಸುವ ಹಂತ. ಅದು ಎಂಜಿನ್ನಿಗೆ ಎಲ್ಲ ಕಡೆಯಿಂದಲೂ ಸಮಾನಾಂತರವಾಗಿದ್ದರೆ ಮಾತ್ರ ಒಳಗೆ ಹೋಗುತ್ತದೆ. ಸ್ಪ್ಲೈನುಗಳು ಹೊಂದದಿದ್ದರೆ ಗೇರ್ ಹಾಕಿ ಔಟ್‌ಪುಟ್ ಕಡೆಯಿಂದ ಸ್ವಲ್ಪ ತಿರುಗಿಸಿ, ಅಥವಾ ಎಂಜಿನ್ನನ್ನು ಕ್ರ್ಯಾಂಕಿನ ಪುಲ್ಲಿಯಿಂದ ಚೂರು ತಿರುಗಿಸಿ ಮತ್ತೆ ಪ್ರಯತ್ನಿಸಬೇಕು. ಹೌಸಿಂಗು ಬ್ಲಾಕಿಗೆ ತಾನಾಗಿ ಕೂಡಿಕೊಳ್ಳುವ ಮೊದಲೇ ಬೋಲ್ಟುಗಳಿಂದ ಎಳೆದು ಕೂಡಿಸಲು ಹೊರಟರೆ ಪ್ಲೇಟಿನ ಹಬ್ಬು ಬಾಗಬಹುದು, ಹೌಸಿಂಗಿನ ಅಲ್ಯೂಮಿನಿಯಂ ಕಿವಿ ಮುರಿಯಬಹುದು. ನಾಲ್ಕು ಬೆರಳಿನ ಅಂತರದಲ್ಲಿ ನಿಂತುಹೋದ ಗೇರ್‌ಬಾಕ್ಸನ್ನು ಬಲಪ್ರಯೋಗದಿಂದ ಗೆಲ್ಲಲಾಗದು, ಹಿಂದಕ್ಕೆಳೆದು ಕೋನ ಸರಿಪಡಿಸಿಯೇ ಗೆಲ್ಲಬೇಕು.

ಉಳಿದದ್ದು ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ ನಡೆಯುತ್ತದೆ. ಹಬ್ಬಿಗೆ ಹೊಸ ನಟ್ಟು ಹಾಕಬೇಕು, ಗೇರ್ ಆಯಿಲನ್ನು ಸೂಚಿಸಿದ ದರ್ಜೆಯದನ್ನೇ ಸೂಚಿಸಿದ ಮಟ್ಟಕ್ಕೆ ತುಂಬಬೇಕು. ಆಯಿಲ್ ತುಂಬದೆ ಎಂಜಿನ್ ಚಾಲೂ ಮಾಡಬಾರದು ಎಂದು ಒಂದು ಚೀಟಿ ಬರೆದು ಸ್ಟೀರಿಂಗಿಗೆ ಅಂಟಿಸಿಡುವುದು ಒಳ್ಳೆಯದು. ಹೈಡ್ರಾಲಿಕ್ ವ್ಯವಸ್ಥೆಯಾದರೆ ಕೈಪಿಡಿ ಹೇಳಿದ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಬಳಸಿ ಗಾಳಿಯನ್ನು ಪೂರ್ತಿ ತೆಗೆಯಬೇಕು. ಆ ದ್ರವ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ತಿಂದುಹಾಕುವುದರಿಂದ ಕೂಡಲೇ ನೀರಿನಿಂದ ತೊಳೆಯಬೇಕು. ಹೊಸ ಕಾನ್ಸೆಂಟ್ರಿಕ್ ಸಿಲಿಂಡರ್ ಇರುವಲ್ಲಿ ಪೆಡಲನ್ನು ರಭಸದಿಂದ ತುಳಿಯದೆ ನಿಧಾನವಾಗಿ, ಉದ್ದಕ್ಕೂ ತುಳಿದು ಬಿಡಬೇಕು.

ಮೊದಲ ಪರೀಕ್ಷೆಯನ್ನು ಮುಂದಿನ ಚಕ್ರಗಳು ಇನ್ನೂ ಮೇಲಿರುವಾಗ ಎಂಜಿನ್ ನಿಲ್ಲಿಸಿಯೇ ಮಾಡಬಹುದು. ಗೇರ್ ಹಾಕಿ, ಒಬ್ಬರು ಪೆಡಲ್ ತುಳಿದಾಗ ಇನ್ನೊಬ್ಬರು ಒಂದು ಮುಂದಿನ ಚಕ್ರವನ್ನು ತಿರುಗದಂತೆ ಹಿಡಿಸಿಟ್ಟು ಮತ್ತೊಂದನ್ನು ಕೈಯಿಂದ ತಿರುಗಿಸಿ ನೋಡಿದರೆ ಕ್ಲಚ್ ಬಿಡುತ್ತಿದೆಯೇ ಎಂದು ತಿಳಿಯುತ್ತದೆ. ಆಮೇಲೆ ಕಾರನ್ನಿಳಿಸಿ, ಬ್ರೇಕ್ ತುಳಿದಿಟ್ಟುಕೊಂಡು ಚಾಲೂ ಮಾಡಿ, ಎಲ್ಲ ಗೇರುಗಳೂ ಸದ್ದಿಲ್ಲದೆ ಬೀಳುತ್ತವೆಯೇ ನೋಡಬೇಕು. ಸಣ್ಣದೊಂದು ಸುತ್ತು ಮುಗಿಸಿ ಬಂದು ಸೀಲುಗಳ ಬಳಿ, ಕೊಳವೆಯ ಕೂಡುವಿಕೆಗಳ ಬಳಿ ಸೋರಿಕೆ ಹುಡುಕಿ, ಚಕ್ರದ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡಬೇಕು. ಹೊಸ ಲೈನಿಂಗು ಫ್ಲೈವೀಲಿನ ಮುಖಕ್ಕೆ ಪೂರ್ತಿ ಹೊಂದಿಕೊಳ್ಳುವವರೆಗೆ, ಅಂದರೆ ಸುಮಾರು 500 ಕಿ.ಮೀ. ತನಕ, ಜೋರಾಗಿ ರೇಸ್ ಮಾಡಿ ಹೊರಡುವುದನ್ನೂ ಭಾರ ಎಳೆಯುವುದನ್ನೂ ಬಿಡಬೇಕು. ಹೊಂದಿಕೊಳ್ಳುವ ಈ ಅವಧಿಯಲ್ಲಿ ಲೈನಿಂಗು ಸ್ವಲ್ಪ ಸವೆಯುವುದರಿಂದ, ಕೇಬಲ್ಲಿನ ಕ್ಲಚ್ಚಿರುವವರು ಅದು ಮುಗಿದ ಮೇಲೆ ಪೆಡಲಿನ ಆಟವನ್ನು ಅಳೆದು, ಕಡಿಮೆಯಾಗಿದ್ದರೆ ಕೈಪಿಡಿಯ ಅಳತೆಗೆ ಮರಳಿ ತರಬೇಕು.